ಹನ್ನೊಂದು ಕಮಾನುಗಳು

ಕುಂಯ್ ಎಂದು ಒಂದು ಸಣ್ಣ ಸಿಳ್ಳೆ, ಎಲ್ಲಿಂದ, ಎದುರು ಬೆಂಚಿನ ಮುದುಕರ ಬಲಗಿವಿಯಿಂದ, ಕಿವಿ ಕೇಳದವರೇ ತುಂಬಿದ ಈ ಕೋಣೆಯಲ್ಲಿ ಅದು ಕೇಳಿಸುತ್ತಿರುವುದು ನನಗೆ ಮತ್ತು ಅವರ ಮಗಳಿಗೆ ಮಾತ್ರ ಇರಬೇಕು, ಮಗಳು ಕೈ ಚಾಚಿ ಕಿವಿಯ ಯಂತ್ರವನ್ನು ಒಳಕ್ಕೆ ಒತ್ತುತ್ತಾಳೆ, ಸಿಳ್ಳೆ ನಿಲ್ಲುತ್ತದೆ, ಕೈ ತೆಗೆಯುತ್ತಾಳೆ, ಮತ್ತೆ ಕುಂಯ್ — ಅದು ಯಾಕೆ ಕೂಗುತ್ತದೆ ಎಂದು ನನಗೆ ಗೊತ್ತಮ್ಮ, ಹೇಳಲೇ, ಬೇಡ, ಕೇಳದೆ ಹೇಳುವವನನ್ನು ಕಂಡರೆ ಯಾರಿಗೂ ಆಗದು, ಯಂತ್ರ ಕಿವಿಯೊಳಗೆ ಬಿಟ್ಟ ಸದ್ದು ಸಂದಿಯಿಂದ ಸೋರಿ ಮತ್ತೆ ಅದರದೇ ಮೈಕಿಗೆ ಹೋಗುತ್ತದೆ, ಯಂತ್ರ ಅದನ್ನು ದೊಡ್ಡದು ಮಾಡುತ್ತದೆ, ದೊಡ್ಡದಾದದ್ದು ಮತ್ತೆ ಸೋರುತ್ತದೆ, ತನ್ನ ಮಾತನ್ನೇ ತಾನು ಕೇಳಿಸಿಕೊಳ್ಳುತ್ತ ಕೂತವರ ಪಾಡು ಇಷ್ಟೇ, ಮೂವತ್ತು ವರ್ಷ ನಾನು ಮಾಡಿದ್ದು ಇಂಥ ಕೂಗನ್ನು ಅಡಗಿಸುವ ಕೆಲಸವನ್ನೇ, ಆದರೆ ನನ್ನ ಯಂತ್ರಗಳ ಕೂಗು ಯಾವ ಕಿವಿಗೂ ಕೇಳುವಂಥದ್ದಲ್ಲ, ಸೆಕೆಂಡಿಗೆ ಸಾವಿರ ಕೋಟಿ ಸಲ ಕಂಪಿಸುವ ಮೈಕ್ರೋವೇವ್ ಕೂಗು, ಪರೀಕ್ಷೆಯ ಪರದೆಯ ಮೇಲೆ ಒಂದು ಮುಳ್ಳು ಎದ್ದು ನಿಂತರೆ ಅದೇ ಅದರ ಗುರುತು. ಕೈಯಲ್ಲಿ ಟೋಕನ್ನು, ಹದಿನಾಲ್ಕು. ಕೌಂಟರಿನ ಹೆಂಗಸು ಯಾವ ಕಿವಿ ಸಾರ್ ಅಂದಳು, ಕಿವಿಗಲ್ಲಮ್ಮ, ಒಳಗಿರುವವರನ್ನು ನೋಡಬೇಕಿತ್ತು ಎನ್ನಬೇಕಿತ್ತು, ಬಾಯಿಗೆ ಬಂದದ್ದು ಎಡಗಿವಿ ಎಂದು, ಬರೆದುಕೊಂಡಳು, ಎಷ್ಟು ವರ್ಷದಿಂದ ಅಂದಳು, ಇಪ್ಪತ್ತು ಅಂದೆ, ಅಯ್ಯೋ ಇಷ್ಟು ದಿನ ಏನ್ ಮಾಡ್ತಿದ್ರಿ ಸಾರ್ ಎಂದು ಕನಿಕರದಿಂದ, ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ ಅಂದಳು, ಬೆಂಚಿನವರೆಲ್ಲ ತಿರುಗಿ ನೋಡಿದರು. ಈಗ ಒಳಗೆ ಹೋಗಿರುವುದು ಹನ್ನೊಂದು. ತೊಡೆಯ ಮೇಲೆ ಕವರು, ಕವರಿನೊಳಗೆ ಫಾರ್ಮು, ಅಂಗೈ ಬೆವರು ತಾಗಿ ಕವರಿನ ಒಂದು ಮೂಲೆ ಮೆತ್ತಗಾಗಿದೆ, ಇನ್ನು ಒಂಬತ್ತು ದಿನ, ಒಂಬತ್ತು ದಿನ ಕಳೆದರೆ ಪೇಟೆಂಟಿಗೆ ಇಪ್ಪತ್ತು ವರ್ಷ ತುಂಬಿ ಅದರ ಆಯಸ್ಸು ಮುಗಿಯುತ್ತದೆ, ಆಮೇಲೆ ಅದರಲ್ಲಿ ಯಾರ ಹೆಸರಿದ್ದರೂ ಒಂದೇ ಇಲ್ಲದಿದ್ದರೂ ಒಂದೇ. ಬಾಗಿಲಿನ ಮಬ್ಬು ಗಾಜಿನ ಆಚೆ ಒಂದು ದೀಪ, ದೀಪದ ಪಕ್ಕದಲ್ಲಿ ಬಾಗಿದ ಒಂದು ತಲೆಯ ನೆರಳು, ಆ ಬಾಗು ನನಗೆ ಗೊತ್ತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಎಡಭುಜ ತುಸು ಮೇಲಾಗುತ್ತದೆ, ಈಗಲೂ.

ಮೊದಲ ಎರಡು ವರ್ಷ ನಾನು ಅವಳ ಕಣ್ಣುಗಳನ್ನು ಮಾತ್ರ ಕಂಡಿದ್ದೆ. ನಮ್ಮ ಪ್ರಯೋಗಾಲಯದಲ್ಲಿ ಧೂಳು ಸುಳಿಯಬಾರದ ಕೋಣೆ ಅದು, ತಲೆಗೆ ಟೊಪ್ಪಿ, ಮೂಗುಬಾಯಿಗೆ ಬಟ್ಟೆ, ಕುತ್ತಿಗೆಯಿಂದ ಕಾಲಿನ ತನಕ ಬಿಳಿ ನಿಲುವಂಗಿ, ಎಲ್ಲರೂ ಒಂದೇ ಥರ, ಅವಳು ಮೂಲೆಯ ಮೇಜಿನಲ್ಲಿ ಕೂತು ನನ್ನ ಎಲೆಕ್ಟ್ರಾನಿಕ್ ಚಿಪ್ಪುಗಳಿಗೆ ಚಿನ್ನದ ತಂತಿ ಹಾಕುವವಳು, ತಲೆಗೂದಲನ್ನು ಮೂರು ಸೀಳು ಮಾಡಿದರೆ ಒಂದು ಸೀಳಿನಷ್ಟು ತೆಳು ತಂತಿ, ಒಂದು ತುದಿ ಚಿಪ್ಪಿನ ಮೇಲೆ, ಒಂದು ತುದಿ ಪೆಟ್ಟಿಗೆಯ ಅಂಚಿನ ಮೇಲೆ, ನಡುವೆ ಗಾಳಿಯಲ್ಲಿ ಒಂದು ಪುಟ್ಟ ಕಮಾನು, ಕಮಾನು ತೀರ ಎತ್ತರವಾದರೆ ನನ್ನ ಲೆಕ್ಕ ಕೆಡುತ್ತದೆ, ತೀರ ಬಿಗಿಯಾದರೆ ಬಿಸಿ ತಾಗಿದಾಗ ಕಿತ್ತುಹೋಗುತ್ತದೆ, ತಂತಿ ಒತ್ತುವ ಕೈಯಂತ್ರವನ್ನು ಕೆಳಗಿಳಿಸಿ ಒತ್ತುವ ಕ್ಷಣದಲ್ಲಿ ಅವಳು ಕಣ್ಣು ಮಿಟುಕಿಸುತ್ತಿರಲಿಲ್ಲ. ಒಂದು ದಿನ ಕ್ಯಾಂಟೀನಿನಲ್ಲಿ ನನ್ನ ಎದುರು ಒಬ್ಬಳು ತಟ್ಟೆ ಇಟ್ಟು ಕೂತಳು, ನಾನು ಯಾರು ಬೇಕಿತ್ತು ಅಂದೆ, ಯಾರೂ ಬೇಡ ಸಾರ್, ನಿಮ್ಮ ಚಿಪ್ಪಿಗೆ ತಂತಿ ಹಾಕೋಳು ನಾನು ಅಂದಳು, ನನಗೆ ಮುಖಕ್ಕೆ ಹೊಡೆದ ಹಾಗಾಯಿತು, ಎರಡು ವರ್ಷದಿಂದ ಬಲ್ಲ ಕಣ್ಣುಗಳ ಕೆಳಗೆ ಒಂದು ಮೂಗು, ಮೂಗಿನ ಪಕ್ಕ ಒಂದು ಮಚ್ಚೆ, ನಗುವಾಗ ಒಂದು ಕಡೆಗೆ ಓಡುವ ತುಟಿ, ಇದೆಲ್ಲ ಅಲ್ಲೇ ಇತ್ತಲ್ಲ ಇಷ್ಟು ದಿನ, ಬಟ್ಟೆಯ ಹಿಂದೆ. ಆಮೇಲೆ ನೆಪ ಹುಡುಕಿಕೊಂಡು ಅವಳ ಮೇಜಿನ ಹತ್ತಿರ ಹೋಗತೊಡಗಿದೆ, ಹಾಗೆ ಹೋದ ಒಂದು ಸಲ ಅವಳ ಭುಜದ ಮೇಲಿಂದ ಬಾಗಿ ನೋಡುತ್ತ, ಮೂಗುಬಟ್ಟೆ ಜಾರಿದ್ದು ಗೊತ್ತಾಗದೆ, ಉಸ್ಸಪ್ಪ ಎಂದು ಉಸಿರು ಬಿಟ್ಟೆ, ಎಳ್ಳಿನ ಕಾಳಿಗಿಂತ ಸಣ್ಣ ನಾಲ್ಕು ಚಿಪ್ಪುಗಳು ಹಾರಿಹೋದವು, ಅವಳು ತಿರುಗಿ ನೋಡಿ, ಸಾರ್ ನಿಮ್ಮ ಮೂರು ತಿಂಗಳ ಕೆಲಸ ಈಗ ಹಾರಿಹೋಯ್ತು, ಇನ್ನೊಂದು ಸಲ ಉಸಿರು ಬಿಟ್ರೆ ನಾನೂ ಹಾರ್ತೀನಿ ಅಂದಳು, ಇಬ್ಬರೂ ಮಂಡಿಯೂರಿ ನೆಲವೆಲ್ಲ ತಡಕಿದೆವು, ಮೂರು ಸಿಕ್ಕವು, ನಾಲ್ಕನೆಯದು ಸಂಜೆ ಅವಳ ತೋಳಿನ ಮಡಿಕೆಯಲ್ಲಿ ಸಿಕ್ಕಿತು, ಅಂದಿನಿಂದ ನನ್ನ ಹೆಸರು ಬಿರುಗಾಳಿ, ಬಿರುಗಾಳಿ ಬಂತು ಎಲ್ಲರೂ ಚಿಪ್ಪು ಮುಚ್ಚಿಕೊಳ್ಳಿ ಎಂದು ಕೂಗುತ್ತಿದ್ದಳು, ನನ್ನ ಅಕ್ಕ ಬಿಟ್ಟರೆ ನನ್ನನ್ನು ಬೇರೆ ಹೆಸರಿನಿಂದ ಕರೆದವಳು ಅವಳೊಬ್ಬಳೇ.

ಆ ವರ್ಷ ನನ್ನ ಆಂಪ್ಲಿಫೈಯರ್ ನನ್ನ ಪ್ರಾಣ ತಿನ್ನುತ್ತಿತ್ತು. ಹೆಬ್ಬೆರಳ ಉಗುರಿನಷ್ಟು ಲೋಹದ ಪೆಟ್ಟಿಗೆ, ಒಳಗೆ ಎರಡು ಚಿಪ್ಪು, ತೆರೆದಿಟ್ಟರೆ ಮುದ್ದಾದ ಮಗುವಿನ ಹಾಗೆ ಇರುತ್ತದೆ, ಮುಚ್ಚಳ ಹಾಕಿ ಬೆಸೆದರೆ ಸಾಕು ಪರದೆಯ ಮೇಲೆ ಮುಳ್ಳು, ಹೊರಗೆ ಹೋಗಬೇಕಾದ ಅಲೆ ಮುಚ್ಚಳದ ಕೆಳಗೆ ನುಸುಳಿ ಒಳಗೆ ಬರುವ ಬಾಯಿಗೇ ಮರಳುತ್ತದೆ, ಈ ಮುದುಕರ ಕಿವಿಯ ಹಾಗೆಯೇ, ಮುಚ್ಚಳ ಇಲ್ಲದೆ ಕೊಡೋಣವೆಂದರೆ ತೇವ ಒಳಗೆ ಹೋಗಿ ಚಿಪ್ಪು ಸಾಯುತ್ತದೆ, ಏಳು ತಿಂಗಳು, ಮುಚ್ಚಳ ಎತ್ತರ ಮಾಡಿದೆ, ಗಿಡ್ಡ ಮಾಡಿದೆ, ಕಪ್ಪು ರಬ್ಬರು ಅಂಟಿಸಿದೆ, ಕಂಪ್ಯೂಟರಿಗೆ ಲೆಕ್ಕ ಕೊಟ್ಟು ಮೂರು ದಿನ ಕಾದು ಕೂತೆ, ತಲೆ ಚಿಟ್ಟು ಹಿಡಿದುಹೋಗಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ ನನ್ನ ಮೇಜಿನ ಮುಂದೆ ಅವಳು, ಅಂಗೈಯಲ್ಲಿ ತಿಪ್ಪೆಗೆ ಹೋಗಬೇಕಾಗಿದ್ದ ಹಳೇ ಪೆಟ್ಟಿಗೆ, ಸಾರ್ ಬೈಬೇಡಿ, ಚಿನ್ನ ಸ್ವಲ್ಪ ಹಾಳು ಮಾಡಿದೀನಿ ಅಂದಳು, ನೋಡಿದೆ, ಎರಡು ಚಿಪ್ಪುಗಳ ನಡುವೆ ಅಡ್ಡಕ್ಕೆ ಸಾಲಾಗಿ ಹನ್ನೊಂದು ಕಮಾನು, ಒಂದೂ ಚಿಪ್ಪನ್ನು ಮುಟ್ಟುವುದಿಲ್ಲ, ಎಲ್ಲದರ ಎರಡು ಕಾಲೂ ಪೆಟ್ಟಿಗೆಯ ತಳಕ್ಕೇ, ಇದೇನಿದು ಅಂದೆ, ಬೇಲಿ ಅಂದಳು, ಆ ಕಡೆಯಿಂದ ಈ ಕಡೆಗೆ ನುಸುಳ್ತಿದೆ ಅಂತೀರಲ್ಲ ದಿನಾ, ಅದಕ್ಕೆ. ನಾನು, ದೊಡ್ಡ ತಿಳಿದವನು, ನಕ್ಕೆ, ತಂತಿ ತಂತಿಯ ನಡುವೆ ಇಷ್ಟಿಷ್ಟು ಸಂದಿ ಇದೆಯಲ್ರೀ ಅಂದೆ, ಅವಳು ಮೀನಿನ ಬಲೆಗೂ ಸಂದಿ ಇರತ್ತೆ ಸಾರ್, ಮೀನು ದಾಟತ್ತಾ ಅಂದಳು. ನನ್ನ ನಗು ಅಲ್ಲೇ ನಿಂತಿತು. ಹೌದಲ್ಲ, ಅಲೆ ದೊಡ್ಡದು, ಸಂದಿ ಸಣ್ಣದು, ದಾಟುವುದಿಲ್ಲ, ಏಳು ತಿಂಗಳು ನಾನು ಗೋಡೆಯ ಬಗ್ಗೆ ಯೋಚಿಸಿದ್ದೆ, ಗೋಡೆಗೆ ಅಲ್ಲಿ ಜಾಗವಿರಲಿಲ್ಲ, ಬಲೆಗೆ ಇತ್ತು. ಪರೀಕ್ಷೆಯ ಕೋಣೆಗೆ ಓಡಿದೆವು, ಅವಳು ಮೂಗುಬಟ್ಟೆ ಕಳಚಿದಳು, ಕೆನ್ನೆಯ ಮೇಲೆ ದಾರದ ಕೆಂಪು ಗುರುತು, ಮುಚ್ಚಳ ನೀವೇ ಹಾಕಿ ಅಂದೆ, ಬೇಡ ಸಾರ್ ನೀವೇ ಅಂದಳು, ಮುಚ್ಚಳ ಹಾಕಿ ಒತ್ತಿ ಹಿಡಿದೆ, ಪರದೆ ನೋಡಿದೆವು, ಗೆರೆ ಚಪ್ಪಟೆಯಾಗಿ, ಸುಮ್ಮನೆ, ಕೆರೆಯ ನೀರಿನ ಹಾಗೆ ಮಲಗಿತ್ತು, ಮುಳ್ಳಿಲ್ಲ, ಸತ್ತೇ ಹೋಯ್ತಾ ಸಾರ್ ಎಂದು ಗಾಬರಿಯಿಂದ ಕೇಳಿದಳು, ಇಲ್ಲ ಬದುಕಿದೆ, ಬದುಕಿ ಬಾಯಿ ಮುಚ್ಚಿಕೊಂಡಿದೆ ಅಂದೆ, ಅವಳ ಭುಜ ನನ್ನ ತೋಳಿಗೆ ಒರಗಿತ್ತು, ಎಷ್ಟು ಹೊತ್ತು, ಒಂದು ನಿಮಿಷವೋ ಎರಡೋ, ಅವಳು ತೆಗೆಯಲಿಲ್ಲ, ನಾನು ಅಲುಗಲಿಲ್ಲ. ಹನ್ನೊಂದೇ ಯಾಕೆ ಅಂದೆ ಕೊನೆಗೆ. ಹನ್ನೆರಡನೇದಕ್ಕೆ ಜಾಗ ಇರಲಿಲ್ಲ.

ಹನ್ನೆರಡು, ಕೌಂಟರಿನ ಹೆಂಗಸು ಕೂಗಿದಳು, ಒಬ್ಬ ದಪ್ಪನೆಯವರು ಎದ್ದರು, ಇನ್ನೊಬ್ಬರು, ಆಮೇಲೆ ನಾನು, ಎದ್ದು ಹೋಗಿಬಿಡಲೇ, ಬಸ್ಸು ಒಂದು ಗಂಟೆಗೆ ಇದೆ, ಹೋದರೆ ಅಕ್ಕ ಬಾಗಿಲಲ್ಲೇ ಹಿಡಿದುಕೊಳ್ಳುತ್ತಾಳೆ, ಮತ್ತೆ ಬಾಯಿಗೆ ಬೀಗ ಹಾಕ್ಕೊಂಡು ಬಂದ್ಯಾ ಅನ್ನುತ್ತಾಳೆ. ಬೀಗ ಬಿದ್ದದ್ದು ಆವತ್ತು, ದೊಡ್ಡವರ ಕೋಣೆಯಲ್ಲಿ, ವಿಭಾಗದ ಮುಖ್ಯಸ್ಥರನ್ನು ನಾವು ದೊಡ್ಡವರು ಎಂದೇ ಕರೆಯುತ್ತಿದ್ದದ್ದು, ಉದ್ದನೆಯ ಮೇಜು, ಬಿಸ್ಕತ್ತಿನ ತಟ್ಟೆ, ಅವಳನ್ನೂ ಕರೆಸಿದ್ದರು, ಪೆಟ್ಟಿಗೆಯನ್ನು ಭೂತಗನ್ನಡಿಯ ಕೆಳಗೆ ಇಟ್ಟು ತೋರಿಸುವುದಕ್ಕೆ, ನನ್ನ ಎದುರಿನ ಕುರ್ಚಿಯಲ್ಲಿ ಕೂತಿದ್ದಳು, ಅಂದು ನಿಲುವಂಗಿ ಇಲ್ಲ, ಹಳದಿ ಬಟ್ಟೆ. ಪೇಟೆಂಟಿನ ಅರ್ಜಿಯಲ್ಲಿ ನಾನು ಕೈಯಾರೆ ಮೂರು ಹೆಸರು ಬರೆದುಕೊಟ್ಟಿದ್ದೆ, ಅವಳದು ಮೊದಲು, ನನ್ನದು, ಪದ್ಧತಿಯಂತೆ ದೊಡ್ಡವರದು, ಟೈಪಾಗಿ ಬಂದ ಹಾಳೆಯಲ್ಲಿ ಎರಡೇ ಇದ್ದವು, ನಾನು ಹಾಳೆ ನೋಡಿ ದೊಡ್ಡವರನ್ನು ನೋಡಿದೆ, ಅವರು ತಲೆ ಎತ್ತದೆಯೇ, ತಂತಿ ಹಾಕೋರ ಹೆಸರೆಲ್ಲ ಹಾಕ್ತಾ ಹೋದ್ರೆ ನಾಳೆ ನೆಲ ಒರೆಸೋರೂ ಕೇಳ್ತಾರೆ, ಯೋಚನೆ ನಮ್ಮದು, ಕೈಕೆಲಸ ಅವರದು, ಏನಂತೀರಿ ಅಂದರು. ಏನಂತೀರಿ. ಮೂರು ಸೆಕೆಂಡು ಇತ್ತು ನನಗೆ. ಯೋಚನೆ ಅವರದೇ, ನಾನು ನಕ್ಕಿದ್ದೆ — ಅಷ್ಟು ಹೇಳಿದ್ದರೆ ಸಾಕಿತ್ತು, ನಾಲ್ಕು ಪದ, ನಾಲಿಗೆ ಬಿದ್ದುಹೋಗಿತ್ತೇ, ಹೊಸ ಹುದ್ದೆಯ ಕಾಗದ ಅವರ ಖಾನೆಯಲ್ಲಿತ್ತು, ಅದು ಅವರಿಗೂ ಗೊತ್ತಿತ್ತು ನನಗೂ ಗೊತ್ತಿತ್ತು, ನಾನು ಬಿಸ್ಕತ್ತು ನೋಡಿದೆ, ಬಿಸ್ಕತ್ತಿನಲ್ಲಿ ತೂತುಗಳಿದ್ದವು, ಎಣಿಸಿದೆ, ಹದಿನಾರು, ಮತ್ತೆ ಎಣಿಸಿದೆ, ಅವಳ ಕಡೆ ನೋಡಲಿಲ್ಲ, ಸಹಿ ಹಾಕಿದೆ. ಮಾರನೆಯ ದಿನ ಮೇಜಿನ ಹತ್ತಿರ ಹೋದರೆ ಲೆನ್ಸಿನಿಂದ ಕಣ್ಣು ತೆಗೆಯದೆ, ಬಿಸ್ಕತ್ತು ಚೆನ್ನಾಗಿತ್ತಾ ಸಾರ್ ಅಂದಳು, ಅಷ್ಟೇ, ಮತ್ತೆ ಅದರ ಮಾತೇ ಎತ್ತಲಿಲ್ಲ, ಬಿರುಗಾಳಿ ಅನ್ನುವುದನ್ನೂ ನಿಲ್ಲಿಸಿದಳು, ನಾಲ್ಕು ತಿಂಗಳ ಮೇಲೆ ಅಮ್ಮನಿಗೆ ಕಿವಿ ಪೂರ್ತಿ ಹೋಗಿದೆ, ಊರಿಗೆ ಹೋಗ್ತೀನಿ ಎಂದು ಕೆಲಸ ಬಿಟ್ಟಳು, ಬೀಳ್ಕೊಡುಗೆಗೆ ಎಲ್ಲರೂ ಒಂದು ದೊಡ್ಡ ಕಾರ್ಡಿನಲ್ಲಿ ಬರೆದರು, ನಾನು ವಾರವಿಡೀ ತಲೆಯೊಳಗೆ ನೂರು ವಾಕ್ಯ ಕಟ್ಟಿದೆ ಮುರಿದೆ, ಕೊನೆಗೆ ಕಾರ್ಡು ಕೈಗೆ ಬಂದಾಗ ಶುಭವಾಗಲಿ ಎಂದು ಬರೆದೆ, ಅದರ ಪಕ್ಕದಲ್ಲೇ ಲೆಕ್ಕಪತ್ರದವನೂ ಶುಭವಾಗಲಿ ಎಂದೇ ಬರೆದಿದ್ದ.

ಆಮೇಲೆ ಇಪ್ಪತ್ತು ವರ್ಷ ಹೇಗೆ ಹೋದವು ಎಂದರೆ, ಹೋದವು. ಅವಳ ಬೇಲಿ ಹಡಗುಗಳಲ್ಲಿ ಹೋಯಿತು, ಮೋಡ ನೋಡುವ ಗೋಪುರಗಳ ನೆತ್ತಿಗೆ ಹೋಯಿತು, ಹೊಸಬರು ಕೆಲಸಕ್ಕೆ ಸೇರಿದರೆ ಮೊದಲು ಕಲಿಯುವುದು ಅದನ್ನೇ, ಗೋಡೆಯ ಮೇಲೆ ಕಟ್ಟು ಹಾಕಿಸಿದ ಪೇಟೆಂಟು, ಅದರಲ್ಲಿ ಹನ್ನೊಂದು ಎಂಬ ಪದವೇ ಇಲ್ಲ, ಒಂದಕ್ಕಿಂತ ಹೆಚ್ಚು ಸಂಖ್ಯೆಯ ವಾಹಕ ತಂತುಗಳು ಎಂದಿದೆ, ಓದಿದಾಗಲೆಲ್ಲ ಅವಳಿಗೆ ಇದನ್ನು ಹೇಳಬೇಕು, ಹೇಳಿದರೆ ಎಷ್ಟು ನಗುತ್ತಾಳೆ ಎಂದು ಮನಸ್ಸು ಹಾರುತ್ತದೆ, ತಿರುಗಿದರೆ ಮೂಲೆಯ ಮೇಜಿನಲ್ಲಿ ಬೇರೆ ಯಾರೋ, ಆಮೇಲೆ ತನ್ನಷ್ಟಕ್ಕೇ ತಂತಿ ಹಾಕುವ ಯಂತ್ರವೇ ಬಂತು, ಸೆಕೆಂಡಿಗೆ ಹತ್ತು ಕಮಾನು, ಒಂದರ ಪಡಿಯಚ್ಚು ಇನ್ನೊಂದು. ಮದುವೆ ಮಾಡಿಕೊಳ್ಳೋ ಎಂದು ಅಕ್ಕ ಹತ್ತು ವರ್ಷ ಹೇಳಿದಳು, ಆಮೇಲೆ ಬಿಟ್ಟಳು. ಮೂರು ತಿಂಗಳ ಹಿಂದೆ ಅಕ್ಕನ ಕಿವಿಯ ಯಂತ್ರ ಕೆಟ್ಟಿತು, ಅಂಗಡಿಯವನು ಎಲ್ಲಿಗೋ ಕಳಿಸಿ ರಿಪೇರಿ ಮಾಡಿಸಿ ತಂದುಕೊಟ್ಟ, ಹೊಸದಕ್ಕಿಂತ ಚೆನ್ನಾಗಿ ಕೇಳಿಸ್ತಿದೆ ಕಣೋ, ನೀನು ಗೊಣಗೋದೂ ಕೇಳಿಸ್ತಿದೆ ಅಂದಳು, ನನಗೆ ಕುತೂಹಲ, ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ, ಒಳಗೆ ಎರಡು ತಂತಿ ಹೊಸದಾಗಿ ಹಾಕಿತ್ತು, ಕೈಯಿಂದ ಹಾಕಿದ್ದು, ಎದ್ದು, ನೆತ್ತಿಯಲ್ಲಿ ತುಸು ಎಡಕ್ಕೆ ವಾಲಿ, ಇಳಿಯುವಾಗ ನಿಧಾನಿಸುವ ಕಮಾನು, ಲೋಕದಲ್ಲಿ ಎಷ್ಟು ಜನ ತಂತಿ ಹಾಕುತ್ತಾರೋ ಅಷ್ಟು ಬಗೆಯ ಕಮಾನು, ಕೈಬರಹದ ಹಾಗೆ, ಮೋಸ ಇಲ್ಲ, ಇದು ಮೂಲೆಯ ಮೇಜಿನವಳದೇ ಕೈ, ಯಾರು ರಿಪೇರಿ ಮಾಡಿದ್ದು ಎಂದು ಅಂಗಡಿಗೆ ಓಡಿದೆ, ಆರು ಗಂಟೆ ದಾರಿಯ ಊರಲ್ಲಿ ಒಬ್ಬರು ಹೆಂಗಸು ಇದ್ದಾರೆ ಸಾರ್ ಎಂದು ಈ ವಿಳಾಸ ಬರೆದುಕೊಟ್ಟ. ಬರಿಗೈಯಲ್ಲಿ ಹೇಗೆ ಬರಲಿ. ಪೇಟೆಂಟು ನೋಡಿಕೊಳ್ಳುವ ಗುಮಾಸ್ತನ ಹತ್ತಿರ ಹೋಗಿ ಒಂದು ಹೆಸರು ಸೇರಿಸಬೇಕು ಅಂದೆ, ಅವನು ಕಡತ ತೆಗೆದು, ಇದು ಇನ್ನೇನು ಮುಗಿಯೋಕೆ ಬಂತಲ್ಲ ಸಾರ್, ಸಾಯೋ ಮುಂಚೆ ನಾಮಕರಣ ಮಾಡ್ತೀರಾ ಅಂದ, ಮಾಡ್ತೀನಿ ಅಂದೆ, ಹಾಗಾದ್ರೆ ಮೊದಲಿನ ಇಬ್ಬರ ಸಹಿ, ಹೊಸಬರ ಸಹಿ, ಮೂರೂ ಬೇಕು ಎಂದು ಫಾರ್ಮು ಕೊಟ್ಟ. ದೊಡ್ಡವರ ಮನೆಗೆ ಹೋದೆ, ನಿವೃತ್ತರಾಗಿ ಎಷ್ಟೋ ವರ್ಷ, ಹಿತ್ತಿಲಲ್ಲಿ ಬಿಸಿಲಿಗೆ ಕೂತಿದ್ದರು, ಮೊಣಕಾಲ ಮೇಲೆ ಶಾಲು, ಜಗಳಕ್ಕೆ ಸಿದ್ಧನಾಗಿ ಹೋಗಿದ್ದೆ, ದಾರಿಯಿಡೀ ಮಾತು ಮಸೆದುಕೊಂಡಿದ್ದೆ, ಅವರು ಪೂರ್ತಿ ಕೇಳಿ, ಹಾಕೋಣ ಕೊಡಿ, ಅದಕ್ಕೇನಂತೆ ಎಂದು ಪೆನ್ನು ತೆಗೆದುಕೊಂಡರು, ಸಹಿ ಹಾಕಿ, ಆ ಹುಡುಗಿ ಹೆಸರೇನು ಅಂದ್ರಿ, ಅಂಥವರು ಒಬ್ಬರಿದ್ರಾ ನಮ್ಮಲ್ಲಿ ಅಂದರು. ಬೇಕೆಂದು ಅಂದದ್ದಲ್ಲ, ನಿಜವಾಗಿ ನೆನಪಿರಲಿಲ್ಲ. ನಾನು ಹೆಸರು ಹೇಳಿದೆ, ಗಟ್ಟಿಯಾಗಿ ಹೇಳಿದೆ, ಎರಡು ಸಲ, ಹಿತ್ತಿಲ ಗೋಡೆಯ ಆಚೆಗೂ ಕೇಳಿಸುವ ಹಾಗೆ, ಆವತ್ತು ಹೇಳಬೇಕಾಗಿದ್ದವನು ಇವತ್ತು ಕೂಗಿದೆ. ಮನೆಗೆ ಬಂದರೆ ಅಕ್ಕ ಅಂಗಿಗೆ ಇಸ್ತ್ರಿ ಮಾಡಿಟ್ಟಿದ್ದಳು, ಹೋಗು, ನನ್ನ ಕಿವಿ ಸರಿ ಮಾಡಿದೋಳು ನಿನ್ನ ಬಾಯೂ ಸರಿ ಮಾಡ್ತಾಳೆ ಅಂದಳು.

ಹದಿನಾಲ್ಕು. ನಾನೇ. ಎದ್ದೆ, ಬಾಗಿಲು ತಳ್ಳಿದೆ, ಚಿಕ್ಕ ಕೋಣೆ, ಮೇಜು, ದೀಪ, ಚಿಮುಟಗಳ ಸಾಲು, ಅವಳು ಲೆನ್ಸಿಗೆ ಕಣ್ಣಿಟ್ಟೇ, ಕೂತ್ಕೊಳ್ಳಿ, ಎಡಗಿವಿ ಅಲ್ವಾ, ಇದೊಂದು ತಂತಿ ಆಗ್ಲಿ ಅಂದಳು, ಅದೇ ದನಿ, ತುಸು ದಪ್ಪವಾಗಿದೆ, ಕೂದಲು ಮುಂದುಗಡೆ ಬಿಳಿ, ನಾನು ಕೂತೆ, ಕೂತು, ಮೇಜಿನ ಮೇಲೆ ಬಿಚ್ಚಿಟ್ಟ ಸಣ್ಣ ಸಣ್ಣ ಭಾಗಗಳನ್ನು ಕಂಡು ಅಭ್ಯಾಸಬಲದಿಂದ ಉಸಿರು ಹಿಡಿದುಕೊಂಡೆ, ಕೋಣೆ ನಿಶ್ಶಬ್ದ, ತಂತಿ ಒತ್ತುವ ಯಂತ್ರ ಟಕ್ ಎಂದಿತು, ಅವಳು ಹಾಗೇ ಬಾಗಿದ್ದವಳು, ಉಸಿರು ಹಿಡ್ಕೊಂಡು ಕೂರೋ ಪೇಷೆಂಟು ನಂಗೆ ಇದುವರೆಗೂ ಸಿಕ್ಕಿಲ್ಲ ಎಂದಳು, ಆಮೇಲೆ ತಲೆ ಎತ್ತಿದಳು, ಕನ್ನಡಕ ಹಣೆಗೇರಿಸಿದಳು, ನೋಡಿದಳು, ಮೂಗಿನ ಪಕ್ಕದ ಮಚ್ಚೆ ಅಲ್ಲೇ ಇದೆ, ಬಿರುಗಾಳಿ ಅಂದಳು. ನನಗೆ ಕಣ್ಣು ತುಂಬಿಬಂತು, ಈ ವಯಸ್ಸಿನಲ್ಲಿ, ಕಿವಿಯ ಡಾಕ್ಟರ ಮುಂದೆ ಅಳುವವನ ಹಾಗೆ. ಕಿವಿಗೇನಾಗಿದೆ ಅಂದಳು, ಏನೂ ಆಗಿಲ್ಲ, ಸುಳ್ಳು ಹೇಳಿ ಟೋಕನ್ ತಗೊಂಡೆ ಅಂದೆ, ತುಟಿ ಒಂದು ಕಡೆಗೆ ಓಡಿತು, ಸುಳ್ಳಾದ್ರೂ ಹೇಳೋಕೆ ಕಲಿತ್ರಲ್ಲ ಅಂದಳು. ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ವಾಕ್ಯಗಳೆಲ್ಲ ಚೆಲ್ಲಾಪಿಲ್ಲಿ, ಕವರು ಮೇಜಿನ ಮೇಲಿಟ್ಟು, ಆವತ್ತು ನಾನು ಬಾಯಿ ಬಿಡ್ಲಿಲ್ಲ ಅಂದೆ, ಗೊತ್ತು, ಎದುರಿಗೇ ಇದ್ನಲ್ಲ ಅಂದಳು. ಫಾರ್ಮು ತೆಗೆದು ಓದಿದಳು, ನಿಧಾನವಾಗಿ, ಎರಡೂ ಪುಟ, ದೊಡ್ಡವರ ಸಹಿಯ ಮೇಲೆ ಬೆರಳಾಡಿಸಿದಳು, ಒಪ್ಪಿದ್ರಾ ಅಂದಳು, ಒಪ್ಪಿದ್ರು, ಅವರಿಗೆ ನೆನಪಿರಲಿಲ್ಲ ಎನ್ನುವುದು ತುಟಿಯ ತನಕ ಬಂತು, ನುಂಗಿದೆ, ಇಲ್ಲ, ನುಂಗಿದ್ದು ಸಾಕು ಎಂದು ಹೇಳಿಬಿಟ್ಟೆ, ನಿಮ್ಮ ಹೆಸರು ಅವರಿಗೆ ನೆನಪಿರಲಿಲ್ಲ, ನಿಜ ಹೇಳಿದ್ದು ಒಳ್ಳೇದಾಯ್ತು ಅಂದಳು. ಇದರ ತಾರೀಖು ನೋಡಿದ್ರೆ ಒಂಬತ್ತು ದಿನಕ್ಕೆ ಮುಗಿಯತ್ತೆ ಅಲ್ವಾ, ಹೌದು, ಮತ್ಯಾಕೆ ಇಷ್ಟು ದೂರ ಹೊತ್ಕೊಂಡು ಬಂದ್ರಿ, ಕಂಡುಹಿಡಿದದ್ದು ನೀವು ಅಂದೆ, ಯೋಚನೆ ನಿಮ್ಮದು, ನಾನು ನಕ್ಕಿದ್ದೆ, ಇಪ್ಪತ್ತು ವರ್ಷ ತಡವಾಗಿ ನಾಲ್ಕು ಪದ. ಅವಳು ಚಿಮುಟವೊಂದನ್ನು ಎತ್ತಿ ಸಾಲಿನಲ್ಲಿ ಸರಿಯಾಗಿ ಇಟ್ಟಳು. ನಂಗೆ ಹೆಸರು ಬೇಡ ಅಂತಲ್ಲ, ಬೇಕು, ನಂದೇ ಅದು, ಅಂದಳು, ಆದ್ರೆ ಆವತ್ತು ಬೇಕಾಗಿದ್ದು ಹೆಸರಲ್ಲ, ಒಂದು ಸಲ ತಲೆ ಎತ್ತಿ ನನ್ನ ಕಡೆ ನೋಡ್ತೀರಾ ಅಂತ ಕಾಯ್ತಿದ್ದೆ, ಆಗ ನಾನು ಏನೇನೋ ಅಂದ್ಕೊಂಡಿದ್ದೆ, ನಿಮ್ಮನ್ನೂ ನನ್ನನ್ನೂ ಸೇರಿಸಿ, ನೀವು ಬಿಸ್ಕತ್ತು ನೋಡ್ತಾ ಕೂತ್ರಿ. ಅಂದರೆ ಆಗ ಅವಳಿಗೂ ಮನಸ್ಸಿತ್ತು. ಪರೀಕ್ಷೆಯ ಕೋಣೆಯಲ್ಲಿ ಭುಜ ತೆಗೆಯದೆ ನಿಂತಿದ್ದು ಮರೆವಿನಿಂದಲ್ಲ. ಇಪ್ಪತ್ತು ವರ್ಷ ನಾನೊಬ್ಬನೇ ಎಂದುಕೊಂಡಿದ್ದೆ.

ಪೆನ್ನು ಕೊಡಿ ಅಂದಳು. ಕೊಟ್ಟೆ. ಹೆಸರಿನ ಜಾಗದಲ್ಲಿ ಹೆಸರು ಬರೆದಳು, ದುಂಡಗೆ, ಆತುರವಿಲ್ಲದೆ, ಅದರ ಕೆಳಗಿನ ಸಾಲಿಗೆ ಬಂದು ನಿಂತಳು, ತಂದೆಯ / ಪತಿಯ ಹೆಸರು, ಅನ್ವಯಿಸದ್ದನ್ನು ಹೊಡೆದುಹಾಕಿ ಎಂದಿತ್ತು, ಈ ಸಾಲು ನಾನು ನೋಡಿರಲಿಲ್ಲ, ನನ್ನ ಜೀವವೆಲ್ಲ ಪೆನ್ನಿನ ತುದಿಗೆ ಬಂತು, ಕೇಳಲು ಧೈರ್ಯವಾಗದ ಒಂದೇ ಒಂದು ಪ್ರಶ್ನೆ ಅದು, ಕೋಣೆಗೆ ಬಂದಾಗಿನಿಂದ ಗೋಡೆಯ ಮೇಲೆ ಚಿತ್ರ ಇದೆಯೇ, ಮೊಳೆಗೆ ಗಂಡಸಿನ ಅಂಗಿ ಇದೆಯೇ ಎಂದು ಕಳ್ಳನ ಹಾಗೆ ನೋಡಿದ್ದೆ, ಏನೂ ತಿಳಿದಿರಲಿಲ್ಲ, ಈಗ ಈ ಪೆನ್ನು ಹೇಳಿಬಿಡುತ್ತದೆ, ಎರಡರಲ್ಲಿ ಯಾವುದರ ಮೇಲೆ ಗೆರೆ ಬೀಳುತ್ತದೋ. ಅವಳು ತಲೆ ಎತ್ತದೆ, ನೀವು ಅರ್ಜಿ ಹಾಕಿದಾಗ ನಿಮ್ಮನ್ನ ಇದು ಕೇಳಿದ್ರಾ ಅಂದಳು, ಇಲ್ಲ ಅಂದೆ, ತಂತಿ ಹಾಕಿದ್ದು ನಾನು, ನಮ್ಮಪ್ಪನೂ ಅಲ್ಲ, ಬೇರೆ ಯಾರೂ ಅಲ್ಲ ಎಂದು ಎರಡರ ಮೇಲೂ ಒಂದೇ ಗೆರೆ ಎಳೆದಳು. ಸಹಿ ಹಾಕಿದಳು. ಹೊರಗೆ ಹದಿನೈದು ಎಂದು ಕೂಗುವ ಮೊದಲು ಹೇಳಬೇಕು, ಈಗಲೇ, ಎದ್ದು ನಿಂತು ಕುರ್ಚಿಯ ಬೆನ್ನು ಹಿಡಿದು, ನಾನು ಮತ್ತೆ ಬರಬಹುದಾ ಅಂದೆ, ಅವಳ ಮುಖ ನೋಡಿಯೇ ಕೇಳಿದೆ, ಬೇರೆ ಎಲ್ಲೂ ನೋಡಲಿಲ್ಲ. ಕನ್ನಡಕ ಕೆಳಗಿಳಿಸಿದಳು, ಲೆನ್ಸಿನ ಕಡೆ ತಿರುಗಿದಳು, ಎಡಭುಜ ತುಸು ಮೇಲಾಯಿತು, ಬನ್ನಿ, ಆದ್ರೆ ಮುಂದಿನ ಸಲ ಫಾರ್ಮು ಹಿಡ್ಕೊಂಡು ಬರಬೇಡಿ, ಅಂದಳು.

ಬೀದಿ, ಬಿಸಿಲು, ಸೈಕಲ್ ಅಂಗಡಿ, ಅಂಚೆಗೆ ಹಾಕುವ ಮಾತೇ ಬೇಡ, ನಾಳೆ ಕಚೇರಿ ತೆಗೆಯುವ ಹೊತ್ತಿಗೆ ನಾನೇ ಒಯ್ದು ಗುಮಾಸ್ತನ ಕೈಯಲ್ಲಿಡುತ್ತೇನೆ, ಒಂದು ಗಂಟೆಯ ಬಸ್ಸು ಹೋಗಿರಬೇಕು, ಹೋಗಲಿ, ಬನ್ನಿ ಅಂದಳು, ಬನ್ನಿ ಎನ್ನುವುದು ಎಲ್ಲರಿಗೂ ಅನ್ನುವ ಬನ್ನಿಯೋ, ಮುಂದಿನ ಸಲ ಎನ್ನುವುದೂ ಇತ್ತಲ್ಲ, ಫಾರ್ಮಿಲ್ಲದೆ ಬಂದರೆ ಕೈಯಲ್ಲಿ ಏನು ಹಿಡಿದುಕೊಳ್ಳಲಿ, ಏನು ಹೇಳಲಿ, ಏನೂ ಬೇಡವೇನೋ, ಅಕ್ಕನಿಗೆ ಏನು ಹೇಳಲಿ, ಮದುವೆಯಾಗಿದೆಯಂತಾ ಎಂದು ಮೊದಲ ಮಾತಿಗೇ ಕೇಳುತ್ತಾಳೆ, ಗೊತ್ತಿಲ್ಲ ಅಕ್ಕ, ಕೇಳಲಿಲ್ಲ, ಅವಳು ಹೇಳಲಿಲ್ಲ, ಬೇರೆ ಯಾರೂ ಅಲ್ಲ ಅಂದಳು, ಹಾಗಂದರೆ ಇಲ್ಲವೆಂದೋ, ಇದ್ದರೂ ಇದಕ್ಕೆ ಸೇರಿದವರಲ್ಲವೆಂದೋ — ಸೈಕಲ್ ಅಂಗಡಿಯ ನೆರಳಿಗೆ ನಿಂತು ಕವರು ಬಿಚ್ಚುತ್ತೇನೆ, ಹಾಳೆ ಅರ್ಧ ಹೊರಗೆಳೆಯುತ್ತೇನೆ, ಶಾಯಿ ಒಣಗಿದೆ, ದುಂಡಗಿನ ಹೆಸರು, ಅದರ ಕೆಳಗೆ ಗೆರೆ, ನೀಲಿ, ನೇರ, ತಂದೆಯ ಮೇಲೆ ಹಾದು, ಪತಿಯ ಮೇಲೆ ಹಾದು, ಎಲ್ಲೂ ನಡುಗದೆ, ಮುಂದೆ ಬರೆಯಲೆಂದು ಬಿಟ್ಟ ಖಾಲಿ ಜಾಗದ ಅಂಚಿಗೆ ಬಂದು ನಿಂತಿದೆ, ಆಮೇಲೆ ಬಿಳಿ, ಏನೂ ಬರೆಯದ, ಬೆರಳಿನಷ್ಟು ಉದ್ದದ ಬಿಳಿ, ಯಾರದೋ ಸೈಕಲ್ಲಿನ ಗಂಟೆ, ದಾರಿ ಬಿಡಿ ಸಾರ್, ಬಿಡುತ್ತೇನೆ, ಗೆರೆ, ಗೆರೆಯ ಕೊನೆ, ಆ ಬಿಳಿ ಜಾಗ, ಗೆರೆ ಬಂದು ನಿಂತ ಕಡೆಯಿಂದ ಹಾಳೆಯ ಅಂಚಿನ ತನಕ, ಬಿಳಿ —